ಪೀಪಾಯಿಯ ಮುಚ್ಚಳ ತೆಗೆದ ಬೀಗಿತ್ತಿಗೆ

ಬೀಗಿತ್ತಿ ಇಂಗರ್ ಅವರಿಗೆ,

ನೀವಿದ್ದಾಗ ನನ್ನ ಹೈಸ್ಕೂಲ್ ಇಂಗ್ಲಿಷಿನಲ್ಲೇ ಇಬ್ಬರೂ ಹೇಗೋ ಮಾತಾಡಿಕೊಂಡೆವು. ಈಗ ನಿಮಗೆ ಎಲ್ಲ ಭಾಷೆಯೂ ಒಂದೇ ಅಲ್ಲವೇ? ಕನ್ನಡದಲ್ಲೇ ಬರೆಯುತ್ತೇನೆ.

ಆ ಫೆಬ್ರವರಿಯ ಭಾನುವಾರ ನೆನಪಿದೆಯೇ? ಮಗಳು-ಅಳಿಯನ ಜೊತೆ ಸಿಡ್ನಿಯಿಂದ ಮೊದಲ ಸಲ ನಿಮ್ಮ ಡ್ಯಾಂಡಿನಾಂಗ್ ಮನೆಗೆ ಬಂದಿದ್ದೆ. ಈಸ್ಟರ್‌ಗೆ ಮುಂಚಿನ ಉಪವಾಸ ಶುರುವಾಗುವ ಮೊದಲು ನಿಮ್ಮ ಡ್ಯಾನಿಷ್ ಜನ ಮಕ್ಕಳಿಗಾಗಿ ಮಾಡುವ ಹಬ್ಬ, ಫಾಸ್ಟೆಲಾವ್ನ್. ಸುಡು ಬಿಸಿಲಿಗೆ ಬನ್ನುಗಳ ಕೆನೆಯೆಲ್ಲ ಕರಗಿ ಹರಿಯುತ್ತಿತ್ತು. ಆರು ವರ್ಷದ ನಮ್ಮ ಅನಿಕಾ, ನೀವು ಹೊಲಿದ ನವಿಲಿನ ವೇಷ ಹಾಕಿಕೊಂಡು ಸಾಲಿನಲ್ಲಿ ನಿಂತಿದ್ದಳು. ಮರಕ್ಕೆ ತೂಗುಹಾಕಿದ ಪೀಪಾಯಿ, ಅದರ ಮೇಲೆ ಕರಿ ಬೆಕ್ಕಿನ ಚಿತ್ರ. ಮಕ್ಕಳು ಒಬ್ಬೊಬ್ಬರಾಗಿ ದೊಣ್ಣೆಯಿಂದ ಬಾರಿಸುತ್ತಿದ್ದರು. ಇದೇನೆಂದು ಪಕ್ಕದವರನ್ನು ಕೇಳಿದರೆ, ಬೆಕ್ಕನ್ನು ಹೊಡೆದು ಓಡಿಸುವುದು ಎಂದರು. ಒಳಗೆ ಏನೋ ಉರುಳಾಡಿದ ಸದ್ದು ಬೇರೆ.

ಬೆಕ್ಕು ಕೊಂದವರು ಕಾಶಿಗೆ ಹೋಗಿ ಚಿನ್ನದ ಬೆಕ್ಕು ದಾನ ಕೊಡಬೇಕು ಎಂದು ಕೇಳಿ ಬೆಳೆದವಳು ನಾನು. ಅನಿಕಾಳ ಸರದಿ ಬರುತ್ತಲೇ ಹೋಗಿ ದೊಣ್ಣೆ ಕಿತ್ತುಕೊಂಡೆ. ಜೀವ ಇರೋ ಪ್ರಾಣೀನ ನನ್ನ ಮೊಮ್ಮಗಳು ಹೊಡೆಯಲ್ಲ ಎಂದು ಕನ್ನಡದಲ್ಲೇ ಕೂಗಾಡಿದೆ. ಮಗಳು ಅದನ್ನು ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, ಎಲ್ಲರೂ ನಕ್ಕರು. ಅಳಿಯನೂ ನಕ್ಕ.

ನೀವು ಮಾತ್ರ ನಗಲಿಲ್ಲ. ಪೀಪಾಯಿ ಇಳಿಸಿ, ನನ್ನ ಮುಂದೆಯೇ ಮುಚ್ಚಳ ತೆಗೆದಿರಿ. ಒಳಗೆ ಕಿತ್ತಳೆ ಹಣ್ಣು, ಮಿಠಾಯಿ! ಮುಚ್ಚಳ ತೆಗೆದ ಮೇಲೆ ಇನ್ನೇನು ಆಟ? ತಳ ಒಡೆದವರಿಗೆ ಸಿಗುವ ಬೆಕ್ಕಿನ ರಾಣಿಯ ಕಿರೀಟ ಆ ವರ್ಷ ಯಾರಿಗೂ ಸಿಗಲಿಲ್ಲ. ಗೊಣಗಿದವರಿಗೆ ನೀವು ಹೇಳಿದ್ದು ಒಂದೇ ಮಾತು: "ಅವಳೂ ಅಜ್ಜಿ. ಅವಳು ನೋಡಬೇಕು." ನಾನು ಒಂದು ಹಣ್ಣನ್ನು ತಿರುಗಿಸಿ ನೋಡಿ, ಸರಿ ಎಂದು ಹೋಗಿ ಕುಳಿತೆ. ಅಷ್ಟೇ. ಅನಿಕಾ ಅಳುತ್ತಿದ್ದಳು, ನಾನು...

ಆಮೇಲೆ ಪ್ರತಿ ವರ್ಷವೂ ನೀವೇ ಫೋನ್ ಮಾಡಿ ಕರೆದಿರಿ. ಮಂಡಿ ನೋವು ಎಂದೆ ನಾನು. ಕೊನೆಯ ಸಲ, "ಆ ಮಂಡಿ ಫೆಬ್ರವರಿಯಲ್ಲಿ ಮಾತ್ರ ನೋಯುತ್ತದೆಯೇ?" ಎಂದು ಕೇಳಿ ನಕ್ಕಿರಿ. ಉತ್ತರ ನಿಮಗೆ ಗೊತ್ತಿತ್ತು, ಅಲ್ಲವೇ?

ಈ ವರ್ಷ ನೀವಿರಲಿಲ್ಲ. ನಾನು ಹೋದೆ. ಹತ್ತು ವರ್ಷದ ಅನಿಕಾ ಕೊನೆಯ ಏಟು ಕೊಟ್ಟಳು, ತಳ ಕಳಚಿ ಬಿತ್ತು. ಕಾಗದದ ಕಿರೀಟ ತಲೆಗೇರಿದ ಮೇಲೆ ಫೋಟೋಗೆ ನಿಲ್ಲದೆ ನನ್ನ ಹತ್ತಿರ ಬಂದಳು. ಅಪ್ಪನ ಅಮ್ಮನನ್ನು ನಿಮ್ಮ ಭಾಷೆಯಲ್ಲಿ ಕರೆಯುವ ಹೆಸರು ಹಿಡಿದು, "ಅಜ್ಜಿ, ಫಾರ್ಮೊರ್‌ಗೆ ಯಾರು ಹೇಳ್ತಾರೆ?" ಎಂದು ಕೇಳಿದಳು. ನಾನು ಬರೀತೀನಿ ಎಂದೆ.

ನಿಮ್ಮ ಮೊಮ್ಮಗಳು ರಾಣಿಯಾದಳು. ಅವತ್ತೇ ಆಗುತ್ತಿದ್ದಳೋ ಏನೋ, ನಾನು ಬಿಡಲಿಲ್ಲ. ತಪ್ಪು ನನ್ನದು, ಇಂಗರ್ ಅವರೇ.

ಸರೋಜಮ್ಮ