ತೋಟ ಎಂಬ ಮಾತು

ಕಲ್ಲೂರು
೧೨-೧-೧೯೬೯

ಪ್ರೀತಿಯ ತಮ್ಮ ಚಿಕ್ಕಮಾದುವಿಗೆ,

ಅಕ್ಕನ ಆಶೀರ್ವಾದ. ಅಚ್ಚುಕೂಟದ ಸೀಸದ ಧೂಳಿಗೆ ನಿನ್ನ ಕೆಮ್ಮು ಹೆಚ್ಚಾಯಿತೋ ಏನೋ, ಬಿಸಿನೀರು ಕುಡಿಯುತ್ತೀಯೋ ಇಲ್ಲವೋ. ಮಗುವಿನ ಜ್ವರ ಇಳಿಯಿತೇ? ಮೊದಲು ಅದನ್ನು ಬರೆ. ನಾವು ಕ್ಷೇಮ ಎಂದು ಬರೆಯಲು ಕೂತೆ, ಕೈ ಏಳಲಿಲ್ಲ.

ಬಂಡಾಯದವರು ಧಣಿಗಳ ಮನೆಗೂ ಪೊಲೀಸ್ ಕ್ಯಾಂಪಿಗೂ ನುಗ್ಗಿದ ಪುಲ್ಪಳ್ಳಿಯ ಗಲಾಟೆ ಆದಮೇಲೆ ಇಲ್ಲಿ ಕಾಗದ ಇರುವ ಮನೆಯೆಲ್ಲ ಪೊಲೀಸರಿಗೆ ಅನುಮಾನದ ಮನೆ. ಪಕ್ಕದ ಕೌಸಲ್ಯ ಹಳೆಯ ಪಂಚಾಂಗವನ್ನೂ ಒಲೆಗೆ ಹಾಕಿದಳು. "ನಿಂದೂ ಸುಡು ಅಕ್ಕಾ, ಒಂದೊತ್ತಿನ ಗಂಜಿಯಾದ್ರೂ ಬೇಯುತ್ತೆ" ಅಂದಳು. ನಾನು ಬರೆಯುತ್ತಿರುವ ಕಾದಂಬರಿಯನ್ನು ಸುಡಲು ಮನಸ್ಸು ಬರಲಿಲ್ಲ. ಈ ಮಲಯಾಳ ಸೀಮೆಯ ಶಾಲೆಯಲ್ಲಿ ಕನ್ನಡದ ಮೇಷ್ಟ್ರು ಬಿಟ್ಟುಹೋಗಿ ನಾಲ್ಕನೇ ಕ್ಲಾಸಿಗೇ ನಿಂತ ನನ್ನ ಓದು ನಿನಗೆ ಗೊತ್ತು. ಬತ್ತೇರಿಯ ಅಂಗಡಿಯಲ್ಲಿ ಬೆಲ್ಲ ಕಟ್ಟಿಕೊಟ್ಟ ಕನ್ನಡದ ಹಾಳೆ ಬಿಡಿಸಿ ಓದಿ ಕಲಿತವಳು ನಾನು. ಅದರಲ್ಲಿ ಕಥೆಯ ಮೊದಲೂ ಸಿಗದು, ಕೊನೆಯೂ ಸಿಗದು, ನಡು ಮಾತ್ರ. ಮಿಕ್ಕದ್ದನ್ನು ನಾನೇ ಕಟ್ಟಿಕೊಳ್ಳುತ್ತ ಬರೆಯುವ ಚಟ ಹತ್ತಿತು. ಕೇಳುವವರು ನಿನ್ನ ಭಾವ ಒಬ್ಬರೇ, ಅವರಿಗೂ ಅರ್ಧದಲ್ಲಿ ನಿದ್ದೆ.

ಹೋದ ಸೋಮವಾರ ಪೊಲೀಸರು ಬಂದರು. ಅವರಲ್ಲಿ ಚಂದ್ರನ್ ಎಂಬ ಪೇದೆಗೆ ಗುಂಡ್ಲುಪೇಟೆ ಸಂತೆಯ ಕನ್ನಡ ಕಿವಿಗೆ ಗೊತ್ತು, ಅಕ್ಷರ ಗೊತ್ತಿಲ್ಲ. ಜಗಲಿಯಲ್ಲಿ ಕೂರಿಸಿ ಆ ಕಾದಂಬರಿಯನ್ನು ನನ್ನಿಂದಲೇ ಓದಿಸಿದರು. ನನ್ನ ಬರಹವನ್ನು ಅಷ್ಟು ಗಮನವಿಟ್ಟು ಯಾರೂ ಕೇಳಿರಲಿಲ್ಲ ಮಾದು. ಒಂದು ಗಳಿಗೆ ಹೆದರಿಕೆ ಮರೆತು ದನಿ ಏರಿಸಿದೆ. 'ಅಣ್ಣತಮ್ಮಂದಿರು ಧಣಿಯ ಬೇಲಿಯಾಚೆ ಗುಟ್ಟಾಗಿ ತೋಟ ಇಟ್ಟರು' ಎಂಬಲ್ಲಿ ಚಂದ್ರನ್ ಎದ್ದು ನಿಂತ. ಮಲಯಾಳದಲ್ಲಿ ತೋಟ್ಟ ಎಂದರೆ ಬಂಡೆ ಸಿಡಿಸುವ ಮದ್ದು. ಕಾಫಿ ತೋಟ, ಮೆಣಸಿನ ತೋಟ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ನಾಲ್ಕರವರೆಗೆ ಓದಿದ್ದೇನೆ, ಬರೆದವಳು ನಾನೇ ಎಂದೆ. ಜೊತೆಗೆ ಬಂದಿದ್ದ ಎಸ್ಸೈ ನಕ್ಕರು.

"ನಾಲಾಂ ಕ್ಲಾಸಿನ ಪೆಣ್ಣು ಇಷ್ಟು ಬರೆಯೂದಾ? ಗಂಡನ್ನ ಕರಿ."

ನಿನ್ನ ಭಾವನನ್ನು ಜೀಪು ಹತ್ತಿಸಿದರು. ಒಂದು ಸಾಲೂ ಬರೆಯದ ಮನುಷ್ಯ. ಠಾಣೆಗೆ ಊಟ ಒಯ್ದರೆ ಒಳಗೆ ಬಿಡಲಿಲ್ಲ, ಅಂಗಿ ಮಾತ್ರ ಹೊರಗೆ ಬಂತು. ಬೆನ್ನಿನ ಕಡೆ ಹರಿದಿತ್ತು. ಆ ಮಾತಿನ ಅರ್ಥ ಅಚ್ಚಾದದ್ದರಲ್ಲಿ ತೋರಿಸು, ಆಮೇಲೆ ನೋಡೋಣ ಎಂದರು ಎಸ್ಸೈ. ಕೈಬರಹ ಸುಳ್ಳಾಡುತ್ತದೆ, ಅಚ್ಚು ಆಡುವುದಿಲ್ಲವಂತೆ. ಅದಕ್ಕೇ ನಿಮ್ಮ ಅಚ್ಚುಕೂಟದ ನಿಘಂಟಿನಿಂದ ತೋಟ ಎಂಬ ಮಾತಿರುವ ಪುಟವನ್ನು ಬೇಗ ಕಳಿಸು. ಹುಡುಕಿ ಕಳಿಸುತ್ತೀಯಲ್ಲ? ಟಪಾಲು ತಪ್ಪಿದರೆ ಏನು ಗತಿ ಎಂದೂ ಹೆದರಿಕೆ.

ಮಗುವಿನ ಹಣೆ ಮುಟ್ಟಿ ನನ್ನ ಹೆಸರು ಹೇಳು. ನಿನ್ನ ಹೆಂಡತಿಗೆ ನನ್ನ ನೆನಪು.

ನಿನ್ನ ಅಕ್ಕ
ಮಲ್ಲಿಗಮ್ಮ

ತಾ.ಕ.: ಲಕೋಟೆ ಅಂಟಿಸುವಾಗ ನೆನಪಾಯಿತು. ಗುಂಡ್ಲುಪೇಟೆ ಕಡೆ ಕಲ್ಲು ಸಿಡಿಸುವವರು ನಮ್ಮ ಕನ್ನಡದಲ್ಲೇ ಮದ್ದಿಗೆ ತೋಟಾ ಅನ್ನುತ್ತಿದ್ದರಲ್ಲವೇ? ಅದೂ ಅದೇ ಪುಟದಲ್ಲಿ, ನನ್ನ ಮಾತಿನ ಕೆಳಗೇ ಇರಬೇಕು. ಇದ್ದರೆ ಅಚ್ಚೇ ಅವರ ಕಡೆ ಸಾಕ್ಷಿ ಹೇಳೀತು, ಪುಟ ಕಳಿಸಬೇಡ. ನೀನೇ ಬಾ. ಕೈಯಲ್ಲಿ ಯಾವ ಪುಸ್ತಕವೂ ಬೇಡ.