‘ಕೆಟ್ಟದಾಗಿ’ ಎಂದ ಮನೆಗಳು

ಕಡವಿನಗುಡ್ಡೆ,
ಎರಡನೆಯ ಶ್ರಾವಣದ ಮೂವತ್ತೆಂಟನೆಯ ದಿನ,
ನಿಮ್ಮ ಎಣಿಕೆಯಲ್ಲಿ ಕ್ರಿ.ಶ. 2231

ಹಿಂದಿನವರಿಗೆ,

ತಾರೀಕು ನೋಡಿ ನಗಬೇಡಿ. ಮಳೆ ಹಿಗ್ಗಿದ ಮೇಲೆ ನಮ್ಮವರು ತಿಂಗಳುಗಳನ್ನೂ ಹಿಗ್ಗಿಸಿಕೊಂಡರು. ಒಂದಿದ್ದ ಶ್ರಾವಣ ಎರಡಾಯಿತು, ಎರಡನೆಯದು ಎಂದು ಮುಗಿಯುತ್ತದೆ ಎಂದು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ನನ್ನ ಮಾತುಗಳೂ ನಿಮಗೆ ಅಲ್ಲಲ್ಲಿ ವಿಚಿತ್ರವೆನಿಸಬಹುದು. ಹಳೆಯ ಪುಸ್ತಕಗಳಿಂದ ಕಲಿತ ನಿಮ್ಮ ಕಾಲದ ಕನ್ನಡದಲ್ಲೇ ಬರೆಯಲು ಯತ್ನಿಸುತ್ತಿದ್ದೇನೆ. ನಿಮ್ಮಲ್ಲಿ ಇಲ್ಲದ ವಸ್ತುವಿನ ಹೆಸರು ಬಂದರೆ ಅದೇನೆಂದು ಅಲ್ಲೇ ಹೇಳುತ್ತೇನೆ. ಈ ಕಾಗದ ನಿಮ್ಮನ್ನು ಹೇಗೆ ತಲುಪುತ್ತದೆ ಎಂದು ಮಾತ್ರ ಕೇಳಬೇಡಿ. ಅದನ್ನು ಬಲ್ಲವರು ಬೇರೆ ಇದ್ದಾರೆ. ಅವರು ವಿವರಿಸಿದರು, ನಾನು ತಲೆಯಾಡಿಸಿದೆ, ಅಷ್ಟೆ.

ನನ್ನ ಹೆಸರು ಮಿತ್ರವಿಂದಾ. ವಯಸ್ಸು ನಲವತ್ತೆಂಟು. ಮಗಳು ಕಡಲಾಚೆ ಕೆಲಸಕ್ಕೆ ಹೋದ ಮೇಲೆ ಸ್ನಾತಕೋತ್ತರ ಓದಿಗೆ ಸೇರಿದೆ. ನನ್ನ ವಿಷಯ, ಒಡೆದುಹೋದ ಒಕ್ಕೂಟಗಳ ಚರಿತ್ರೆ. ಆದ್ದರಿಂದ ಬ್ರಿಟನ್ ಐರೋಪ್ಯ ಒಕ್ಕೂಟವನ್ನು ಬಿಟ್ಟುಹೋದ ನಿಮ್ಮ ಕಾಲದ ಬ್ರೆಕ್ಸಿಟ್ ನನಗೆ ಪರೀಕ್ಷೆಗೆ ಓದಿದ ಪಾಠ. ಬ್ರಿಟನ್ನಿನ ಜನರನ್ನು ವಾರವಾರವೂ ಒಂದು ಪ್ರಶ್ನೆ ಕೇಳುತ್ತಿದ್ದರಂತೆ: ನಿಮ್ಮ ಪ್ರಧಾನಿ ಈ ಮಾತುಕತೆಯನ್ನು ಚೆನ್ನಾಗಿ ನಡೆಸುತ್ತಿದ್ದಾರೆಯೇ, ಕೆಟ್ಟದಾಗಿ ನಡೆಸುತ್ತಿದ್ದಾರೆಯೇ? ಬಹುಮಂದಿ ಕೆಟ್ಟದಾಗಿ ಎಂದರು. ಬಿಟ್ಟುಹೋಗುವುದೇ ತಪ್ಪು ಎಂದವರೂ ಹಾಗೆಂದರು, ಇನ್ನೂ ಯಾಕೆ ಬಿಟ್ಟಿಲ್ಲ ಎಂದವರೂ ಹಾಗೇ ಎಂದರು. ನೀವು, ಕನ್ನಡದಲ್ಲಿ ಇದನ್ನು ಓದುತ್ತಿರುವವರು, ಆ ಸುದ್ದಿಯನ್ನು ಬೇರೆ ಬೀದಿಯ ಜಗಳದಂತೆ ಕಿಟಕಿಯಿಂದ ನೋಡಿರಬೇಕು. ನಾನೂ ಹಾಗೇ ಓದಿದೆ. ನಾನು ಓದುತ್ತಿದ್ದ ಆ ವರ್ಷಗಳಲ್ಲೇ ಅದೇ ಪ್ರಶ್ನೆ ನಮ್ಮ ಮನೆಯ ಗೋಡೆಯ ಮೇಲೂ ಇತ್ತು.

ನಮ್ಮ ಊರು ನಿಮ್ಮ ಕಾಲದಲ್ಲಿ ಕರಾವಳಿಯ ಒಂದು ಗುಡ್ಡ. ನೀರು ಏರಿದ ಮೇಲೆ ದ್ವೀಪ. ಇಂಥ ದ್ವೀಪಗಳೂ ಉಳಿದ ದಡದ ಪಟ್ಟಣಗಳೂ ಸೇರಿ ನನ್ನ ಮುತ್ತಜ್ಜಿಯ ಕಾಲದಲ್ಲಿ ಒಂದು ಒಕ್ಕೂಟವಾದವು. ಒಕ್ಕೂಟ ನಮಗೆ ಕೊಟ್ಟ ದೊಡ್ಡ ವಸ್ತು ತೇಲುದಾರಿ. ಹಲಗೆಯ ತೆಪ್ಪಗಳನ್ನು ಕೊಂಡಿಗಳಿಂದ ಜೋಡಿಸಿ ದ್ವೀಪದಿಂದ ದಡದವರೆಗೆ ಹಾಸಿದ ರಸ್ತೆ ಅದು. ಅಲೆ ಬಂದರೆ ರಸ್ತೆಯೂ ಏಳುತ್ತಿತ್ತು, ಮೇಲೆ ನಡೆಯುವವರೂ ಏಳುತ್ತಿದ್ದರು. ದಡದವರು ಮೊದಲ ಸಲ ಬಂದಾಗ ಹಗ್ಗ ಹಿಡಿದು ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ನಮ್ಮ ಹೆಂಗಸರು ತಲೆಯ ಮೇಲೆ ಬುಟ್ಟಿ ಹೊತ್ತು ಹರಟುತ್ತ ನಡೆಯುತ್ತಿದ್ದರು. ಊರಿಗೆ ಅಕ್ಕಿ ಬರುತ್ತಿದ್ದದ್ದೂ ನಮ್ಮ ಕಡಲಸೊಪ್ಪು ದಡಕ್ಕೆ ಹೋಗುತ್ತಿದ್ದದ್ದೂ ಅದರ ಮೇಲೆಯೇ. ಮಾತಿನ ತಂತಿ ಕೂಡ ಅದರ ಹೊಟ್ಟೆಯೊಳಗೇ ಹಾದುಹೋಗುತ್ತಿತ್ತು. ಬಿರುಗಾಳಿಗಳ ನಂತರ ಆಕಾಶದ ಮೂಲಕ ಮಾತು ಕಳಿಸುವ ನಿಮ್ಮ ಉಪಾಯಗಳು ನಮ್ಮ ಕಡೆ ಉಳಿದಿಲ್ಲ.

ಆ ದಾರಿಯ ಆಚೆ ತುದಿಯಲ್ಲಿ ನನ್ನ ತಂಗಿ ಚಾರುಮತಿ ಇದ್ದಾಳೆ. ದಡದ ಪಟ್ಟಣದಲ್ಲಿ ತಿಂಡಿಯ ಅಂಗಡಿ ನಡೆಸುತ್ತಿದ್ದಳು. ಅವಳ ಕಣ್ಣು ಮಬ್ಬಾಗುತ್ತ ಬಂದು ಆಗ ಬೆಳಕು ನೆರಳು ಮಾತ್ರ ತಿಳಿಯುತ್ತಿತ್ತು. ಪ್ರತಿ ಶುಕ್ರವಾರ ನಾನು ದಾಟಿಹೋಗಿ ಅವಳಿಗೆ ಕವಿತೆ ಓದುತ್ತಿದ್ದೆ. ಓದುವ ಯಂತ್ರ ಅವಳ ಮನೆಯಲ್ಲಿಯೂ ಇತ್ತು. “ಅದು ಚಂದ ಓದ್ತದೆ ಅಕ್ಕ, ಇಲ್ಲ ಅಂಬೂದಿಲ್ಲ. ಆದ್ರೆ ಅದಕ್ಕೆ ಎಲ್ಲೂ ಗಂಟಲು ಕಟ್ಟೂದೇ ಇಲ್ಲ. ನಿಂಗೆ ಕಟ್ತದಲ್ಲ, ಆಗ ನಂಗೆ ಇಲ್ಲಿ ಎಂತದೋ ಉಂಟು ಅಂತ ಗೊತ್ತಾಗ್ತದೆ,” ಎನ್ನುತ್ತಿದ್ದಳು. ಅವಳಿಗೆ ಇನ್ನಾರೂ ಇಲ್ಲ. ನನಗೆ ಆ ಶುಕ್ರವಾರ ಬಿಟ್ಟು ಇನ್ನೊಂದು ಹಬ್ಬವಿರಲಿಲ್ಲ.

ಒಕ್ಕೂಟವನ್ನು ಬಿಡಬೇಕೆಂದು ದ್ವೀಪ ತೀರ್ಮಾನಿಸಿದ್ದು ಮೀನಿನ ಕಾರಣಕ್ಕೆ. ಯಾರು ಯಾವ ನೀರಿನಲ್ಲಿ ಬಲೆ ಹಾಕಬೇಕೆಂದು ದಡದಲ್ಲಿ ಕೂತವರು ಹೇಳುತ್ತಿದ್ದರು. ನನ್ನ ಗಂಡ ದೇವರಾಯರ ಅಣ್ಣನ ದೋಣಿಯನ್ನು ಗಡಿ ದಾಟಿತೆಂದು ಹಿಡಿದುಕೊಂಡು ಹೋದರು. ದೋಣಿ ವಾಪಸು ಬಂತು, ಅಣ್ಣ ಮತ್ತೆ ಕಡಲಿಗೆ ಇಳಿಯಲಿಲ್ಲ. ದೇವರಾಯರ ಸಿಟ್ಟು ಸುಳ್ಳಿನ ಸಿಟ್ಟಲ್ಲ, ನಾನು ಅದನ್ನು ಎಂದೂ ಹಾಗೆ ಕರೆದಿಲ್ಲ. ಅವರು ಬಿಡುವುದರ ಪರ, ನಾನು ಉಳಿಯುವುದರ ಪರ. ಒಬ್ಬೊಬ್ಬರೂ ಬೇರೆಯಾಗಿ ಹಾಕಿದ ಮತದಲ್ಲಿ ಬಿಡುವವರು ಸ್ವಲ್ಪದರಲ್ಲಿ ಗೆದ್ದರು. ಹೇಗೆ ಬಿಡುವುದು ಎಂಬ ಮಾತುಕತೆಗೆ ನಮ್ಮ ದ್ವೀಪದ ಪ್ರಧಾನಿ ವಾಮನ ಖಾರ್ವಿ ದಡಕ್ಕೆ ಹೋಗಿಬರತೊಡಗಿದರು. ಖಾರ್ವಿ ಮಾತಿನ ಮನುಷ್ಯರಲ್ಲ. ಹೋಗುವಾಗ ಚೀಲ ಹಿಡಿದು ನಡೆಯುತ್ತಿದ್ದರು, ಬರುವಾಗ ಅದೇ ಚೀಲ ಹಿಡಿದು ಇನ್ನಷ್ಟು ಬಾಗಿ ಬರುತ್ತಿದ್ದರು. ತೇಲುದಾರಿಯ ಮೇಲೆ ಅವರು ಒಮ್ಮೆ ಎಡವಿದ್ದನ್ನು ಮಕ್ಕಳು ಕೂಡ ಅನುಕರಿಸಿ ಆಡುತ್ತಿದ್ದರು.

ಈಗ ನಮ್ಮ ಪದ್ಧತಿಯೊಂದನ್ನು ಹೇಳಬೇಕು. ಪ್ರತಿ ಮನೆಯ ಹೊಸ್ತಿಲ ಪಕ್ಕದ ಗೋಡೆಯಲ್ಲಿ ಕೇಳುಪೆಟ್ಟಿಗೆ ಇರುತ್ತದೆ. ಸೋಮವಾರ ಸಂಜೆ ಅದು ಒಂದು ಪ್ರಶ್ನೆ ಕೇಳುತ್ತದೆ. ಉತ್ತರ ಕೊಡಬೇಕಾದ್ದು ಮನುಷ್ಯರಲ್ಲ, ಮನೆ. ದೊಡ್ಡವರೆಲ್ಲ ಪೆಟ್ಟಿಗೆಯ ಮುಂದೆ ನಿಂತು ಒಟ್ಟಿಗೆ ಒಂದೇ ಪದ ಹೇಳಬೇಕು. ದನಿಗಳು ಬೇರೆಯಾದರೆ ಪೆಟ್ಟಿಗೆ ಮುನಿಸಿಕೊಂಡಂತೆ ಕೆಂಪಾಗಿ ಉರಿಯುತ್ತದೆ, ಬೀದಿಯವರಿಗೆಲ್ಲ ಕಾಣುತ್ತದೆ. ಈ ಮನೆಯಲ್ಲಿ ಒಮ್ಮತವಿಲ್ಲ ಎಂದು ನೆರೆಯವರ ಮುಂದೆ ಕೆಂಪು ದೀಪ ಉರಿಸಿಕೊಳ್ಳುವುದಕ್ಕಿಂತ ನಾಚಿಕೆ ನಮ್ಮಲ್ಲಿ ಇನ್ನೊಂದಿಲ್ಲ. ಮನೆಯವರು ಕೂತು ಮಾತಾಡಿ ಒಂದು ಅಭಿಪ್ರಾಯಕ್ಕೆ ಬರಲಿ ಎಂದು ಹಿರಿಯರು ಮಾಡಿದ ಪದ್ಧತಿ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು.

ಆ ಎರಡು ವರ್ಷ ಪೆಟ್ಟಿಗೆ ಕೇಳಿದ್ದು ಒಂದೇ: ಪ್ರಧಾನಿಯವರು ಮಾತುಕತೆಯನ್ನು ಹೇಗೆ ನಡೆಸುತ್ತಿದ್ದಾರೆ, ಚೆನ್ನಾಗಿಯೋ ಕೆಟ್ಟದಾಗಿಯೋ? ಒಕ್ಕೂಟ ಬೇಕೋ ಬೇಡವೋ ಎಂದು ಕೇಳಿದ್ದರೆ ನಮ್ಮ ಮನೆ ವಾರವಾರ ಕೆಂಪಾಗುತ್ತಿತ್ತು. ಈ ಪ್ರಶ್ನೆಗೆ ಆಗಲಿಲ್ಲ. ದೇವರಾಯರೂ ನಾನೂ ಪಕ್ಕಪಕ್ಕದಲ್ಲಿ ನಿಂತು “ಕೆಟ್ಟದಾಗಿ” ಎನ್ನುತ್ತಿದ್ದೆವು. ಖಾರ್ವಿ ತೀರಾ ಬಗ್ಗುತ್ತಾರೆಂದು ಅವರು, ಖಾರ್ವಿ ಹೋಗಿದ್ದೇ ತಪ್ಪೆಂದು ನಾನು. ಹೇಳಿ ಮುಗಿದ ಮೇಲೆ ಇಬ್ಬರೂ ಹಗುರಾಗಿ ಊಟಕ್ಕೆ ಕೂರುತ್ತಿದ್ದೆವು. ಪಕ್ಕದ ಮನೆಯ ಜುಬೇದತ್ತೆ ನಗುತ್ತ ಹೇಳುತ್ತಿದ್ದರು, “ನಮ್ಮ ಮನೇಲಿ ಸಾರಿಗೆ ಉಪ್ಪು ಎಷ್ಟು ಅಂಬೂದಕ್ಕೂ ಜಗಳ ಮಾರಾಯ್ತಿ. ಖಾರ್ವಿಗೆ ಬೈಯೂಕೆ ಕೂತ್ರೆ ಮಾವ, ಮೈದುನ, ಅಳಿಯ ಎಲ್ಲಾ ಒಂದೇ ಚಾಪೆ! ಆ ಪುಣ್ಯಾತ್ಮ ನೂರು ವರ್ಷ ಇರ್ಲಿ.” ದ್ವೀಪದಲ್ಲಿ ಅಷ್ಟು ಶಾಂತಿ ಹಿಂದೆಂದೂ ಇರಲಿಲ್ಲ. ಕೆಂಪು ದೀಪಗಳು ಕಾಣದೆ ಸಂಜೆಯ ಬೀದಿಗಳು ಸುಮ್ಮನೆ ಮಲಗಿದಂತಿದ್ದವು.

ಚಾರುಮತಿಗೆ ಮಾತ್ರ ಅದು ಇಷ್ಟವಿರಲಿಲ್ಲ. “ನೀನೂ ಭಾವನೂ ಒಂದೇ ಮಾತು ಹೇಳ್ತೀರಿ ಅಂದ್ರೆ ನಂಗೆ ಹೆದರಿಕೆ ಆಗ್ತದೆ ಅಕ್ಕ,” ಎಂದಳು ಒಮ್ಮೆ, ನಾನು ಕವಿತೆಯ ನಡುವೆ ಪುಟ ತಿರುಗಿಸುತ್ತಿದ್ದಾಗ. ನಾನು ನಕ್ಕೆ. ನನ್ನ ಪ್ರಬಂಧದಲ್ಲಿ ಬ್ರಿಟನ್ನಿನ ಆ ಹಳೆಯ ಉತ್ತರಗಳ ಬಗ್ಗೆ ಒಂದು ಅಧ್ಯಾಯವನ್ನೇ ಬರೆದು ಮುಗಿಸಿದ್ದೆ. ಒಳ್ಳೆಯ ಅಧ್ಯಾಯ ಎಂದು ಗುರುಗಳು ಮೆಚ್ಚಿದ್ದರು.

ಮಳೆಗಾಲಕ್ಕೆ ಮುಂಚೆ ಖಾರ್ವಿ ಒಂದು ಕರಾರು ತಂದರು. ದ್ವೀಪ ತನ್ನ ನೀರನ್ನು ತಾನೇ ಆಳುತ್ತದೆ. ತೇಲುದಾರಿ ಉಳಿಯುತ್ತದೆ, ಆದರೆ ಸರಕಿಗೆ ಮಾತ್ರ. ರಕ್ತಸಂಬಂಧಿಗಳು ವಾರಕ್ಕೆ ಒಂದು ದಿನ ದಾಟಬಹುದು. ಜನ ಅದನ್ನು ಒಂದು ದಿನದ ಕರಾರು ಎಂದು ಕರೆದು ಹಾಸ್ಯ ಮಾಡಿದರು. ಪ್ರೀತಿಗೆ ವಾರದ ರಜೆ ಕೊಟ್ಟ ಪ್ರಧಾನಿ ಎಂದು ಉಳಿಯುವವರು, ಬಾಗಿಲು ಹಾಕಿ ಕಿಟಕಿ ತೆರೆದಿಟ್ಟವ ಎಂದು ಬಿಡುವವರು. ನಾನೂ ನಕ್ಕೆ. ಆಮೇಲೆ ಆ ಕಾಗದವನ್ನು ಚಾರುಮತಿಗೆ ಓದಿ ಹೇಳಿದಾಗ ಅವಳು ನಗಲಿಲ್ಲ. “ಒಂದು ದಿನ ಅಂದ್ಯಲ್ಲ. ಯಾವ ದಿನ ಅಂತ ನಾವೇ ಆರಿಸೂಕೆ ಆಗ್ತದಾ?” ಎಂದಳು. ಆಗ್ತದೆ ಎಂದೆ. “ಹಾಗಾದ್ರೆ ನಮಗೆಂತ ಕಡಿಮೆ ಆಯ್ತು? ಈಗ್ಲೂ ನೀ ಬರೂದು ವಾರಕ್ಕೊಂದೇ ದಿನ ಅಲ್ದಾ?”

ಒಕ್ಕೂಟದ ನಿಯಮ ಹೀಗಿತ್ತು: ಮಾತುಕತೆಯ ಗಡುವಿಗೆ ಮುಂಚಿನ ಕೊನೆಯ ಸೋಮವಾರ ಅರ್ಧಕ್ಕಿಂತ ಹೆಚ್ಚು ಮನೆಗಳು ಚೆನ್ನಾಗಿ ಎಂದರೆ ಪ್ರಧಾನಿ ಸಹಿ ಹಾಕಬಹುದು. ಇಲ್ಲವಾದರೆ ಕರಾರಿಲ್ಲದೆ ಬೇರ್ಪಾಟು. ದಡದವರು ಕೊಂಡಿ ಕಳಚುತ್ತಾರೆ, ದಾರಿ ಹೋಗುತ್ತದೆ, ದೋಣಿಗಳೂ ಗಡಿ ದಾಟುವಂತಿಲ್ಲ. ಇದು ಎಲ್ಲರಿಗೂ ತಿಳಿದಿತ್ತು. ತಿಳಿದೂ ಜನ ನಾಲಿಗೆಗೆ ರೂಢಿಯಾದ ಪದವನ್ನೇ ಸಿದ್ಧಮಾಡಿಕೊಂಡಿದ್ದರು. ಉಳಿಯುವವರಿಗೆ, ಕರಾರು ಬಿದ್ದರೆ ಬೇರ್ಪಾಟೇ ನಿಂತುಹೋಗಬಹುದೆಂಬ ಆಸೆ. ಬಿಡುವವರಿಗೆ, ಕರಾರು ಬಿದ್ದರೆ ಪೂರ್ತಿ ಬಿಡುಗಡೆಯೆಂಬ ಆಸೆ. ಒಂದೇ ಪದದ ಮೇಲೆ ಎರಡು ಆಸೆಗಳು ಕೂತಿದ್ದವು, ಒಂದಕ್ಕೆ ಇನ್ನೊಂದರ ಭಾರ ತಿಳಿಯಲಿಲ್ಲ.

ಆ ಸೋಮವಾರ ಮಧ್ಯಾಹ್ನ ನಾನು ದೇವರಾಯರಿಗೆ, ಇವತ್ತು ಚೆನ್ನಾಗಿ ಅನ್ನೋಣ ಎಂದೆ. ಅವರು ಬಲೆಯ ಹರಕು ಕಟ್ಟುತ್ತಿದ್ದರು. ತಲೆಯೆತ್ತಲಿಲ್ಲ. “ಆ ಮನುಷ್ಯ ಚೆನ್ನಾಗಿ ಮಾಡಿದ್ದಾನೆ ಅಂತ ನಿಂಗೆ ಅನ್ನಿಸ್ತದಾ?” ಎಂದರು. ಇಲ್ಲ ಎಂದೆ. “ನಂಗೂ ಇಲ್ಲ. ಮತ್ತೆ ಇಬ್ರೂ ಸೇರಿ ಸುಳ್ಳು ಹೇಳೂದೆಂತಕ್ಕೆ?” ಚಾರುವಿಗೋಸ್ಕರ ಎಂದೆ. “ಚಾರು ನಂಗೂ ತಂಗಿಯೇ. ಆದ್ರೆ ಅಣ್ಣನ ಮುಖ ನೋಡಿ ಆ ಪದ ಹೇಳೂಕೆ ನಂಗೆ ಬಾಯಿ ಬರೂದಿಲ್ಲ ಮಾರಾಯ್ತಿ,” ಎಂದು ಬಲೆ ಬಿಟ್ಟು ಎದ್ದುಹೋದರು.

ಸಂಜೆ ಪೆಟ್ಟಿಗೆ ಕೇಳಿತು. ಅವರು ಬಂದು ನನ್ನ ಪಕ್ಕ ನಿಂತರು. ಸ್ನಾನ ಮಾಡಿ ಒಗೆದ ಅಂಗಿ ತೊಟ್ಟಿದ್ದರು, ಸಾವಿನ ಮನೆಯಿಂದ ಬಂದವರಂತೆ. ನಾನು ಯಾವ ಪದಕ್ಕೂ ಬಾಯಿ ತೆರೆಯದೆ ಅವರ ಮುಖ ನೋಡಿದೆ. “ಚೆನ್ನಾಗಿ,” ಎಂದರು. ನಾನು ಸೇರಿಸಿದೆ, ಸ್ವಲ್ಪ ತಡವಾಗಿ. ಪೆಟ್ಟಿಗೆ ಒಂದು ಗಳಿಗೆ ಅನುಮಾನಿಸಿ ಒಪ್ಪಿಕೊಂಡಿತು. ಆ ರಾತ್ರಿ ಅವರು ಊಟ ಮಾಡಲಿಲ್ಲ. ಮದುವೆಯಾದಂದಿನಿಂದ ನನಗೆ ಅವರು ಕೊಟ್ಟದ್ದರಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಅದಕ್ಕೆ ಬೆಲೆ ಬರಲಿಲ್ಲ. ಹತ್ತರಲ್ಲಿ ಎಂಟು ಮನೆಗಳು ಕೆಟ್ಟದಾಗಿ ಎಂದಿದ್ದವು.

ಖಾರ್ವಿ ರಾಜೀನಾಮೆ ಕೊಟ್ಟರು. ದ್ವೀಪದಲ್ಲಿ ಪಟಾಕಿ ಹೊಡೆದರು, ಎರಡೂ ಕಡೆಯವರು, ಒಂದೇ ಬೀದಿಯಲ್ಲಿ. ಯಾಕೆ ಸಂತೋಷ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡದ್ದು ಮರುದಿನ, ದಡದವರು ಸಲಾಕಿ ಹಿಡಿದು ಬಂದಾಗ. ಕೊಂಡಿ ಕಳಚುವ ಶಬ್ದ ದೊಡ್ಡದಲ್ಲ. ಬಾವಿಯ ರಾಟೆಯ ಶಬ್ದದಷ್ಟೇ. ಜುಬೇದತ್ತೆಯ ಮಾವ ಮತ್ತು ಅಳಿಯ ದೋಣಿ ಕಟ್ಟುವ ದಕ್ಕೆಯ ಮೇಲೆ ನಿಂತು ಈ ವಿಷಯಕ್ಕೆ ಮೊದಲ ಸಲ ಒಬ್ಬರ ಮೇಲೊಬ್ಬರು ಕೂಗಾಡಿದರು, “ನೀನು ಹಾಗಂದದ್ದು ಇದಕ್ಕಾ?” “ಮತ್ತೆ ನೀವು ಎಂತದಕ್ಕೆ ಅಂದದ್ದು?” ಎರಡು ವರ್ಷ ಹಿಂದೆಯೇ ಮನೆಯೊಳಗೆ ಆಗಬೇಕಿದ್ದ ಜಗಳ ಅದು. ಆ ಹೊತ್ತಿಗೆ ಮೊದಲ ತೆಪ್ಪ ಬೇರೆಯಾಗಿ ತಿರುಗುತ್ತ ದೂರ ಹೋಗುತ್ತಿತ್ತು.

ಅದಾಗಿ ಮೂರು ವರ್ಷಗಳಾದವು. ಚಾರುಮತಿ ಬದುಕಿದ್ದಾಳೆ, ದಾರಿತಪ್ಪಿ ಬಂದ ದೋಣಿಯವರೊಬ್ಬರು ಹೇಳಿದರು. ಅಂಗಡಿ ಮುಚ್ಚಿದೆಯಂತೆ. ಬೆಳಕೂ ಈಗ ಅವಳಿಗೆ ತಿಳಿಯುವುದಿಲ್ಲವಂತೆ. ಅವರು ಹೋಗುವಾಗ ಹೇಳಿ ಕಳಿಸಲು ನನಗೆ ಒಂದು ಸಾಲೂ ನೆನಪಾಗಲಿಲ್ಲ, ಇಡೀ ಬದುಕು ಸಾಲುಗಳನ್ನೇ ಓದಿದವಳಿಗೆ. ಶುಕ್ರವಾರ ಬಂದರೆ ದೇವರಾಯರು ಬಲೆ ಪಕ್ಕಕ್ಕಿಟ್ಟು ಬಂದು ಕೂರುತ್ತಾರೆ. ಕವಿತೆ ಅವರಿಗೆ ರುಚಿಸುವುದಿಲ್ಲ, ಆದರೂ ಓದು ಎನ್ನುತ್ತಾರೆ. ಮೊದಲ ಸಲ ನಾನು ಗುರುತಿಟ್ಟ ಪುಟ ತೆರೆದಾಗ ಕೈ ಅಡ್ಡ ಹಿಡಿದರು. “ಅದು ಚಾರುಗೆ ಓದ್ತಿದ್ದದ್ದು ಅಲ್ದಾ? ಅಲ್ಲಿಂದ ಮುಂದೆ ಬೇಡ. ಅದು ಅವಳದ್ದು. ನಂಗೆ ಬೇರೆ ಎಂತಾದ್ರೂ ಓದು.”

ನಿಮ್ಮಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ನಿಮ್ಮನ್ನೂ ಕೇಳುತ್ತಾರೆ, ಫೋನಿನಲ್ಲಿ, ಬಾಗಿಲಲ್ಲಿ, ಪರದೆಯ ಮೇಲೆ: ನಿಮ್ಮ ನಾಯಕರು ಚೆನ್ನಾಗಿ ಮಾಡುತ್ತಿದ್ದಾರೆಯೇ, ಕೆಟ್ಟದಾಗಿಯೇ? ಕೆಟ್ಟದಾಗಿದ್ದರೆ ಹಾಗೆಂದೇ ಹೇಳಿ, ಹೆದರಬೇಡಿ. ಆದರೆ ಪಕ್ಕದಲ್ಲಿ ನಿಂತವರೂ ಅದೇ ಪದ ಹೇಳಿದರೆ ಖುಷಿಪಡುವ ಮೊದಲು ಅವರ ಕಡೆ ತಿರುಗಿ ಕೇಳಿ: ನಿನಗೆ ಏನು ಬೇಕು, ಎಷ್ಟು ಸಿಕ್ಕರೆ ನೀನು ಬದುಕಬಲ್ಲೆ? ಉತ್ತರ ಕೇಳಿ ಮನೆಯಲ್ಲಿ ಜಗಳವಾದರೆ ಆಗಲಿ. ಮನೆಯ ಮುಂದೆ ಕೆಂಪು ದೀಪ ಉರಿದರೆ ಉರಿಯಲಿ. ಬೀದಿಯವರು ನೋಡಿ ನಗಲಿ.

ನನಗೆ ಇದಕ್ಕೆ ಉತ್ತರ ಬರೆಯಬೇಡಿ, ನಮ್ಮ ಕಡೆಗೆ ಬರುವ ದಾರಿಯಿಲ್ಲ. ನಿಮ್ಮ ಕಾಲದಲ್ಲಿ ದಾರಿಗಳಿನ್ನೂ ಇವೆ ಎಂದು ಪುಸ್ತಕಗಳಲ್ಲಿ ಓದಿದ್ದೇನೆ. ಯಾರನ್ನಾದರೂ ನೋಡಬೇಕಾಗಿದ್ದರೆ, ಈ ವಾರವೇ ಹೋಗಿಬನ್ನಿ.

ಮಿತ್ರವಿಂದಾ