ಸಕ್ಕರೆಯಿಲ್ಲದ ಕೇಕ್

ಅಕ್ಕಾ,

ಇವತ್ತು ಬೇಕರಿಗೆ ಒಬ್ಬ ಟೀಚರಮ್ಮ ಬಂದಿದ್ದರು. ಅವರ ಯಜಮಾನರಿಗೆ ಈಚೆಗೆ ಶುಗರ್ ಬಂದಿದೆಯಂತೆ. ಹುಟ್ಟುಹಬ್ಬಕ್ಕೆ ದೊಡ್ಡ ಶುಗರ್‌ಫ್ರೀ ಕೇಕ್ ಬೇಕೆಂದರು.

"ಸಕ್ಕರೆನೇ ಹಾಕಲ್ಲ ಅಂದ್ಮೇಲೆ ಎಷ್ಟು ತಿಂದ್ರೂ ಏನಾಗಲ್ಲ, ಅಲ್ವಾ?"

ನೀನು ಕಣ್ಣು ಮುಚ್ಚಿದ ಮೇಲೆ ವ್ಯಾಪಾರ ಮಂಕಾಗಿದೆ. 'ಹೂಂ' ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ನೀನು ನಿಲ್ಲುತ್ತಿದ್ದ ಜಾಗದಲ್ಲೇ ನಿಂತಿದ್ದೆನಲ್ಲ, ನಿನ್ನ ಮಾತೇ ಹೊರಬಿತ್ತು.

"ಸಕ್ಕರೆ ಬದಲು ಬೇರೆ ಪುಡಿ ಹಾಕ್ತೀವಿ, ನಿಜ. ಆದ್ರೆ ಮೈದಾ ಅದೇ, ಬೆಣ್ಣೆ ಅದೇ. ಮೈದಾನೂ ಶುಗರ್ ಏರಿಸುತ್ತೆ. ಚಿಕ್ಕದು ತಗೊಳ್ಳಿ, ಅವರಿಗೆ ಒಂದೇ ತುಂಡು ಕೊಡಿ."

ಆಕೆಯ ಮುಖ ಸಪ್ಪಗಾಯಿತು. "ಅವರಿಗೆ ಸಿಹಿ ಅಂದ್ರೆ ಪ್ರಾಣ ಕಣಪ್ಪ."

ನಿನಗೂ ಹಾಗೇ ಇತ್ತು. ಶುಗರ್ ಇಟ್ಟುಕೊಂಡೇ ದಿನವಿಡೀ ಕೇಕಿನ ಘಮದಲ್ಲಿ ನಿಂತವಳು ನೀನು. ಟೀಗೆ ಸಿಹಿಮಾತ್ರೆ ಹಾಕಿಕೊಳ್ಳುತ್ತ, "ಇದು ವಿಷಾನೂ ಅಲ್ಲ, ಔಷಧೀನೂ ಅಲ್ಲ ಕಣೋ, ಊರುಗೋಲು ಅಷ್ಟೆ" ಎನ್ನುತ್ತಿದ್ದೆ. ಆಮೇಲೆ ಆ ಊರುಗೋಲನ್ನೂ ಬಿಟ್ಟು ಸಪ್ಪೆ ಟೀಗೇ ಒಗ್ಗಿಕೊಂಡೆ. 'ಶುಗರ್ ಇದ್ದವರು ಧಾರಾಳವಾಗಿ ತಿನ್ನಿ' ಎಂಬ ಬೋರ್ಡ್ ಹೊತ್ತು ತಂದ ಶುಗರ್‌ಫ್ರೀ ಪುಡಿ ಕಂಪನಿಯ ಏಜೆಂಟನಿಗೆ ನೀನು ಬಿಸಿ ಬನ್ನು ತಿನ್ನಿಸಿ, ಬೋರ್ಡಿನ ಸಮೇತ ವಾಪಸ್ ಕಳಿಸಿದೆ. ನಿನ್ನಂಥ ಎದೆಗಾರಿಕೆ ಯಾರಿಗಿದೆ!

ಟೀಚರಮ್ಮ ಕೊನೆಗೆ ಅರ್ಧ ಕೆಜಿ ಕೊಂಡರು.

"ಇದನ್ನೆಲ್ಲ ಯಾರು ಹೇಳಿಕೊಟ್ರು?"

"ನಮ್ಮಕ್ಕ."

"ಎಲ್ಲಿದ್ದಾರೆ?"

"ಒಳಗೆ ಹಿಟ್ಟು ನಾದ್ತಿದ್ದಾಳೆ" ಎಂದುಬಿಟ್ಟೆ.

ಆಕೆ ಒಳಬಾಗಿಲ ಕಡೆ ಕತ್ತು ಚಾಚಿ, "ತುಂಬಾ ಥ್ಯಾಂಕ್ಸ್ ಅಕ್ಕಾ!" ಎಂದು ಕೂಗಿದರು.

ನಾನೂ ತಿರುಗಿ ನೋಡಿದೆ.